ಏಲಕ್ಕಿಯ ತಲೆಸ್ನಾನ

ಮೊನ್ನೆ ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಹಿರಿಯರೊಬ್ಬರ ಸನ್ಮಾನವಿತ್ತು. ಹಾವೇರಿಯಿಂದ ಬಂದಿದ್ದ ಶಿಷ್ಯರು ಏಲಕ್ಕಿ ಹಾರ ತಂದಿದ್ದರು. ಹಾಕುವಾಗ ಅದು ಹಿರಿಯರ ಕೂದಲಿಗೆ ಸಿಕ್ಕಿಕೊಂಡು, ಬಿಡಿಸಲು ಇಬ್ಬರು ವೇದಿಕೆ ಹತ್ತಬೇಕಾಯಿತು. ಪಕ್ಕದಲ್ಲಿ ಕೂತಿದ್ದ ಗೆಳೆಯ ತನ್ನ ಬೋಳುತಲೆ ಸವರಿಕೊಳ್ಳುತ್ತ, "ಈ ವಯಸ್ಸಿನ್ಯಾಗ ಇಷ್ಟು ಕೂದಲಾ? ಏನ್ ಹಚ್ಕೋತಾರಂತ ಕೇಳಬೇಕ್ ನೋಡಪಾ" ಅಂದ. ಆಮೇಲಿನ ಭಾಷಣಗಳು ನನ್ನ ಕಿವಿಗೆ ಬೀಳಲಿಲ್ಲ. ಏಲಕ್ಕಿ ಮತ್ತು ತಲೆಗೂದಲು, ಎರಡನ್ನೂ ಈ ಜಿಲ್ಲೆಯಲ್ಲಿ ಒಂದೇ ಕಾಯಿಯ ನೀರಿನಲ್ಲಿ ತೊಳೆಯುತ್ತಿದ್ದರು ಅನ್ನೋದು ಆ ಗಳಿಗೆಯಲ್ಲೇ ನೆನಪಾಗಿತ್ತು.

ಈ ಜಿಲ್ಲೆ ಅಂದರೆ ಹಳೆಯ ಧಾರವಾಡ ಜಿಲ್ಲೆ. ಹಾವೇರಿ, ಗದಗ 1997ರಲ್ಲಿ ಬೇರೆಯಾದವು; ನಮ್ಮ ತಲೆಮಾರಿನವರ ಬಾಯಲ್ಲಿ ಇನ್ನೂ ಆಗಿಲ್ಲ. ಹಾವೇರಿಯಲ್ಲಿ ಏಲಕ್ಕಿ ಬೆಳೆಯುವುದಿಲ್ಲ. ಬೆಳೆಯುವುದು ಮಲೆನಾಡಿನಲ್ಲಿ, ಹೆಸರು ಬಂದದ್ದು ಬಯಲಿನ ಈ ಊರಿಗೆ. ಕಾರಣ, ಉತ್ತರ ಕನ್ನಡದ ಮತ್ತು ಮೈಸೂರು ಸೀಮೆಯ ಏಲಕ್ಕಿ ಮಾರಾಟಕ್ಕೆ ಹೋಗುವ ಮೊದಲು ಹಾವೇರಿಗೆ ಬಂದು ಜಳಕ ಮಾಡಿ ಹೋಗುತ್ತಿತ್ತು. ಮುಂಬೈ ಸರಕಾರ 1884ರಲ್ಲಿ ಹೊರತಂದ ಗ್ಯಾಝೆಟಿಯರಿನ ಧಾರವಾಡ ಸಂಪುಟದಲ್ಲಿ ಈ ವ್ಯಾಪಾರದ ದಾಖಲೆಯಿದೆ. ಊರಿನ ಒಂದು ಬಾವಿಯ ನೀರಿಗೆ ಏಲಕ್ಕಿಯನ್ನು ಬೆಳ್ಳಗೆ ಮಾಡುವ ಗುಣವಿದೆ ಎಂದು ನಂಬಿಕೆ. ಆ ನೀರಿಗೆ ಕುಟ್ಟಿದ ಅಂಟವಾಳ, ಅದರ ಜೊತೆ ಸೀಗೆಕಾಯಿ. ಹೆಣ್ಣುಮಕ್ಕಳು ದೊಡ್ಡ ಮಡಕೆಗಳಲ್ಲಿ ಕೈ ಇಳಿಬಿಟ್ಟು ಏಲಕ್ಕಿಯನ್ನು ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರು. ಆಮೇಲೆ ಬಿಸಿಲು, ಆಮೇಲೆ ಗಂಜಿ. ಗಂಜಿ ಹಾಕಿಸಿಕೊಂಡ ಏಲಕ್ಕಿ ಇಸ್ತ್ರಿ ಮಾಡಿದ ಧೋತರದವರ ಠೀವಿಯಲ್ಲಿ ಪೇಟೆಗೆ ಹೊರಡುತ್ತಿತ್ತು.

ಮುಂದೆ ಜಗತ್ತಿನ ರುಚಿ ತಿರುಗಿತು. ಕೊಲ್ಲಿ ದೇಶದವರಿಗೆ ಹಸಿರು ಏಲಕ್ಕಿಯೇ ಬೇಕಾಯಿತು. ಬೆಳ್ಳಗಾಗಿಸಬೇಕಾದವರಿಗೆ ಗಂಧಕದ ಹೊಗೆ, ಪೆರಾಕ್ಸೈಡ್ ಸಿಕ್ಕವು. ಆ ಬಾವಿ ಯಾವುದಪಾ ಎಂದು ಹಾವೇರಿಯ ಗೆಳೆಯರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಕೈ ತೋರಿಸುತ್ತಾರೆ. ಬಾವಿಗಿಂತ ಹೆಚ್ಚಿನ ಮಹಿಮೆ ಅಂಟವಾಳದ್ದು ಎಂದು ನನ್ನ ವಾದ. ಅವರು ಒಪ್ಪುವುದಿಲ್ಲ. ಊರಾಭಿಮಾನ.

ಈ ವಾದಕ್ಕೆ ನನ್ನ ಬಳಿ ಇರುವ ಸಾಕ್ಷಿ ನಮ್ಮ ಆಯಿ. ಅಣ್ಣಿಗೇರಿ ಕಡೆಯ ಎರೆಭೂಮಿಯಲ್ಲಿ ಹುಟ್ಟಿದವಳು. ಅಲ್ಲಿ ಬಾವಿ ನೀರೆಂದರೆ ಸವುಳು. ಸಾಬೂನು ತಿಕ್ಕಿದರೆ ನೊರೆ ಬರುವುದಿಲ್ಲ, ಹಾಲು ಒಡೆದ ಹಾಗೆ ಗಷ್ಟುಗಷ್ಟಾಗಿ ಕೂದಲಿಗೆ ಹತ್ತಿಕೊಳ್ಳುತ್ತದೆ. ನೀರಿನ ಸುಣ್ಣದಂಶ ಸಾಬೂನಿನ ಕೊಬ್ಬಿನಾಮ್ಲವನ್ನು ಹಿಡಿದುಕೊಂಡು ಕರಗದ ಗಷ್ಟಾಗಿಸುವುದರಿಂದ ಹೀಗೆ. ಅಂಟವಾಳ, ಸೀಗೆಕಾಯಿಗಳಲ್ಲಿ ನೊರೆ ಬರಿಸುವ ಸಾಪೊನಿನ್‌ಗೆ ಈ ಕಾಟವಿಲ್ಲ. ಸವುಳು ನೀರಲ್ಲೂ ತನ್ನ ಪಾಡಿಗೆ ಎಣ್ಣೆ, ಕೊಳೆ ಬಿಡಿಸುತ್ತದೆ. ಆಯಿಗೆ ಸಾಪೊನಿನ್ ಗೊತ್ತಿರಲಿಲ್ಲ, ಸಾಬೂನಿನ ಮೇಲೆ ಸಿಟ್ಟಿತ್ತು. ಮದುವೆಯಾಗಿ ಹುಬ್ಬಳ್ಳಿಗೆ ಬಂದು, ನವಿಲುತೀರ್ಥದ ಮಲಪ್ರಭೆ ನೀರು ಮನೆಯ ನಳದಲ್ಲಿ ಬಂದ ಮೇಲೂ ಆ ಸಿಟ್ಟು ಇಳಿಯಲಿಲ್ಲ. ಒಂದೇ ಬದಲಾವಣೆ: ಎರಕೊಳ್ಳುವ ದಿನ ಮಂಗಳವಾರ, ಶುಕ್ರವಾರ ಎಂಬುದು ಹೋಗಿ "ನಳ ಬಂದ ದಿನ" ಎಂದಾಯಿತು. ನಳದ ನೀರಿಗೆ ದಿನಗಟ್ಟಲೆ ಕಾದ ಹುಬ್ಬಳ್ಳಿ-ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಆಯಿಯ ಲೆಕ್ಕದಲ್ಲಿ ಅಂಟವಾಳ ತಲೆಗಲ್ಲ. ಅದು ಬಂಗಾರಕ್ಕೆ, ರೇಷ್ಮೆಗೆ. ಹಬ್ಬದ ಹಿಂದಿನ ದಿನ ಅಂಟವಾಳ ನೆನೆಹಾಕಿ ಗುಂಡಗಡಗಿ ಸರ, ಬೆಂಡೋಲೆ ಅದರಲ್ಲಿ ಮುಳುಗಿಸಿ ಕೂರುತ್ತಿದ್ದಳು. ಪತ್ತಾರರ ಅಂಗಡಿಯಲ್ಲಿ ಇಂದಿಗೂ ಕಟ್ಟೆಯ ಮೇಲೆ ಒಂದು ಬಟ್ಟಲು ಅಂಟವಾಳದ ನೀರು, ಒಂದು ಬ್ರಶ್ಶು ಕಾಣಸಿಗುತ್ತವೆ. ಇಳಕಲ್ಲ ಸೀರೆಯ ರೇಷ್ಮೆ ಸೆರಗಿಗೂ ಅದೇ. ಬೀಜ ಮಾತ್ರ ನಮಗೆ: ಕರ್ರಗೆ, ಗಟ್ಟಿ, ಉರುಟು, ಚೌಕಾಬಾರದ ಕಾಯಿಗಳಾಗುತ್ತಿದ್ದವು. ನೊರೆ ಇರುವುದು ಸಿಪ್ಪೆಯಲ್ಲಿ, ಬೀಜದಲ್ಲಲ್ಲ. ಅದೇ ನೊರೆ ಹೊಂಡಕ್ಕೆ ಬಿದ್ದರೆ ಮೀನು ಸಾಯುತ್ತವೆ, ಕಿವಿರುಗಳನ್ನು ಸಾಪೊನಿನ್ ಕೆಡಿಸುವುದರಿಂದ. ಇಂಥದ್ದನ್ನು ಮಕ್ಕಳ ತಲೆಗೆ ಹಾಕುವುದು ಆಯಿಗೆ ಮನಸ್ಸಿಗೆ ಬರುತ್ತಿರಲಿಲ್ಲ. "ಅಂಟವಾಳ ಹಚ್ಚಿದ್ರ ತಲಿ ಬಣಬಣ ಅಂತೈತಿ. ತಲಿಗೆ ಸೀಗಿಕಾಯೇ ಚೊಲೊ" ಎಂದು ತೀರ್ಪು. ಹಾವೇರಿಯವರು ಎರಡನ್ನೂ ಕೂಡಿಸಿ ಏಲಕ್ಕಿಗೆ ಹಾಕುತ್ತಿದ್ದರು ಎಂದು ಅವಳಿಗೆ ಹೇಳಿದ್ದರೆ, "ಏಲಕ್ಕಿಗೇನು ಕಣ್ಣು ಉರೀತಾವೇನು!" ಅನ್ನುತ್ತಿದ್ದಳೇನೋ.

ಬಂಗಾರ, ರೇಷ್ಮೆ, ಏಲಕ್ಕಿ. ಬೆಲೆಬಾಳುವ ವಸ್ತುಗಳ ಈ ಸಾಲಿನಲ್ಲಿ ತಲೆ ಕೊನೆಯ ಗಿರಾಕಿ. ಇಂದು ಪೇಟೆಯಲ್ಲಿ ಸೀಗೆಕಾಯಿ ಎಂದರೆ ಕೂದಲ ಸಲುವಾಗಿಯೇ ದೇವರು ಸೃಷ್ಟಿಸಿದ್ದು ಎಂಬಂತೆ ಮಾರುತ್ತಾರೆ. ಪ್ಯಾಕೆಟ್ಟಿನ ಮೇಲೆ ಕಾಯಿಯ ಚಿತ್ರ ದೊಡ್ಡದು. ಹಿಂದೆ ಸಣ್ಣ ಅಕ್ಷರದಲ್ಲಿ ಸೋಡಿಯಂ ಲಾರೆತ್ ಸಲ್ಫೇಟ್. ನೊರೆ ಅದರದು, ಹೆಸರು ಇದರದು. ಅಸಲಿ ಸೀಗೆಕಾಯಿಯ ನೊರೆ ಬಡ ನೊರೆ, ಹೊಳೆಯುವುದೂ ಇಲ್ಲ, ಉಕ್ಕುವುದೂ ಇಲ್ಲ. ಶಿರಸಿ, ಯಲ್ಲಾಪುರದ ಕಾಡಿನ ಮುಳ್ಳುಬಳ್ಳಿಯಿಂದ ಕೈ ತರಚಿಕೊಂಡು ಕೊಯ್ದು ತರುವವರಿಗೆ ಅದರಿಂದ ಸಿಗುವ ಹಣವೂ ಬಡವೇ. ಅದರ ಗುಣ ಬೇರೆ ಕಡೆ ಇದೆ: ತಿಳಿ ಸ್ವಲ್ಪ ಹುಳಿ. ನಮ್ಮ ತಲೆಯ ಚರ್ಮವೂ ಸ್ವಲ್ಪ ಹುಳಿಯೇ, ಪಿಎಚ್ ಲೆಕ್ಕದಲ್ಲಿ ಸುಮಾರು 5.5. ಮೈಗೆ ಹಚ್ಚುವ ಸಾಬೂನು 9-10ರಲ್ಲಿ ಕೂತಿರುತ್ತದೆ; ಅದನ್ನು ಹಚ್ಚಿದರೆ ಕೂದಲಿನ ಹೊರಪದರದ ಹೆಂಚುಗಳು ಎದ್ದುನಿಂತು ಬಾಚಣಿಕೆಗೆ ಜಗಳ ತೆಗೆಯುತ್ತವೆ.

ಇಷ್ಟು ಹೊಗಳಿದ ಮೇಲೆ ಹೊಟ್ಟಿನ ಮಾತೂ ಬರಬೇಕು. ನನ್ನ ತಲೆಯಲ್ಲಿ ಅದು ಬಂದಾಗ ಓಣಿಯೆಲ್ಲ ವೈದ್ಯರಾದರು. ಬೇವಿನೆಣ್ಣೆ ಅಂದರು, ಲಿಂಬೆಹಣ್ಣು ಅಂದರು, ಮೆಂತ್ಯ-ಮೊಸರು ಅಂದರು, "ತಲಿ ಒಣಗೇತಿ, ರಾತ್ರಿ ಎಣ್ಣಿ ಹಚ್ಚಿ ಮಕ್ಕೊ" ಎಂದರು. ಚರ್ಮದ ಡಾಕ್ಟರು ನಕ್ಕರು. ಹೊಟ್ಟು ಬಹಳ ಮಟ್ಟಿಗೆ ಒಣಗಿದ ತಲೆಯ ರೋಗವಲ್ಲವಂತೆ. ಮಲಸೀಝಿಯಾ ಎಂಬ ಶಿಲೀಂಧ್ರ ಎಲ್ಲರ ತಲೆಯಲ್ಲೂ ಇರುತ್ತದೆ. 1874ರಲ್ಲಿ ಫ್ರಾನ್ಸಿನ ಮಲಸೇ ಹೊಟ್ಟಿನಲ್ಲಿ ಅದನ್ನು ಕಂಡು ಬರೆದಿಟ್ಟ. ತನಗೆ ಬೇಕಾದ ಕೊಬ್ಬಿನಾಮ್ಲವನ್ನು ತಾನೇ ಮಾಡಿಕೊಳ್ಳಲು ಅದಕ್ಕೆ ಬರುವುದಿಲ್ಲ. ನಮ್ಮ ತಲೆಯ ಜಿಡ್ಡೇ ಅದರ ಊಟ. ರಾತ್ರಿಯಿಡೀ ಎಣ್ಣೆ ಬಿಟ್ಟರೆ ಹೋಳಿಗೆ ಊಟ. ಕೀಟೊಕೊನಾಝೋಲ್ ಇರುವ ಶಾಂಪೂ ಬರೆದುಕೊಟ್ಟು, "ಹಚ್ಚಿದ ಕೂಡ್ಲೆ ತೊಳೀಬ್ಯಾಡ್ರಿ, ಐದು ನಿಮಿಷ ತಡೀರಿ" ಅಂದರು. ಹೊಟ್ಟು ಹೋಯಿತು. ಸೀಗೆಕಾಯಿಯ ಮೇಲಿನ ನನ್ನ ಪ್ರೀತಿ ಆ ಶಾಂಪೂವಿಗೆ ಅಡ್ಡ ಬರಲಿಲ್ಲ. ತೊಳೆಯುವುದು ಬೇರೆ, ಗುಣಪಡಿಸುವುದು ಬೇರೆ.

ಆಯಿಯನ್ನು ಇಲ್ಲಿ ಬಿಟ್ಟುಕೊಡಲಾರೆ. ಅವಳು ಎಣ್ಣೆಯನ್ನು ರಾತ್ರಿಯಿಡೀ ಬಿಟ್ಟವಳಲ್ಲ. ಹಂಡೆಗೆ ಉರಿ ಹಾಕಿ ಕೊಬ್ಬರಿ ಎಣ್ಣೆ ತಟ್ಟಿದರೆ, ನೀರು ಕಾಯುವಷ್ಟರಲ್ಲಿ ಅದರ ಕೆಲಸ ಮುಗಿಯಬೇಕು. ಬಚ್ಚಲಲ್ಲಿ ಸೀಗೆಕಾಯಿ ಹಾಕಿ ಅದನ್ನು ಬಿಡಿಸಿಯೇ ಕಳಿಸುತ್ತಿದ್ದಳು. ಹಚ್ಚುವುದರಷ್ಟೇ ತೆಗೆಯುವುದರಲ್ಲೂ ನಿಷ್ಠುರ. ಈಗ ಎಣ್ಣೆ ಉಳಿಯಿತು, ಸೀಗೆಕಾಯಿ ಹೋಯಿತು. ಊಟ ಬಡಿಸುವವರಿದ್ದಾರೆ, ಎಲೆ ಎತ್ತುವವರಿಲ್ಲ.

ಬೆಂಗಳೂರಿನಲ್ಲಿರುವ ಅಣ್ಣನ ಮಗಳು ಹೋದ ವಾರ ಫೋನ್ ಮಾಡಿದಳು. ಟ್ಯಾಂಕರ್ ನೀರು, ಕೂದಲು ಕೈಗೆ ಬರುತ್ತಿದೆ.

"ಕಾಕಾ, ಆಯಿ ಸೀಗಿಕಾಯಿ ಹೆಂಗ ಮಾಡತಿದ್ಲು? ಎಷ್ಟು ಗ್ರಾಂ?"

ಗ್ರಾಂ ಆಯಿಗೆ ಬಂಗಾರದ ಅಂಗಡಿಯಲ್ಲಿ ಮಾತ್ರ ಗೊತ್ತು ಎಂದೆ. ಕೂದಲು ಬುಡದಿಂದ ಉದುರುತ್ತಿದ್ದರೆ ಮೊದಲು ರಕ್ತದಲ್ಲಿ ಕಬ್ಬಿಣ, ಥೈರಾಯ್ಡ್ ನೋಡಿಸು ಎಂದೂ ಹೇಳಿದೆ. ಆಮೇಲೆ ವಿಧಾನ: ಬೀಜ ತೆಗೆದ ಕಾಯಿ ರಾತ್ರಿ ನೆನೆಹಾಕು, ಬೆಳಿಗ್ಗೆ ಕುದಿಸು, ಕಿವುಚು, ಅರಿವೆಯಲ್ಲಿ ಸೋಸು, ತಿಳಿ ಅಷ್ಟೇ ಹಾಕು, ಕಣ್ಣು ಮುಚ್ಚಿಕೋ.

"ಪುಡೀನೇ ಹಚ್ಕೊಂಡ್ರ?"

"ಬಚ್ಚಲ ಕಟ್ಟಿಕೊಂಡು ಕೆಳಗಿನ ಮನೆಯವರು ಮ್ಯಾಲೆ ಬರ್ತಾರ."

"ಅರಿವಿ ಎಲ್ಲಿಂದ ತರ್ಲಿ ಕಾಕಾ? ಚಾ ಸೋಸೋ ಜಾಳಿಗಿ ನಡೀತೈತೇನು?"

"ನಡೀತೈತಿ," ಎಂದೆ. "ಆದ್ರ ನಾವು ಬಂದಾಗ ಅದರಾಗ ಚಾ ಸೋಸಬ್ಯಾಡ."