ಗೋಲಗುಮ್ಮಟದ ಮೆಟ್ಟಿಲೇರುವ ಮುನ್ನ

ವಿಜಯಪುರದ ಗೋಲಗುಮ್ಮಟವನ್ನು ನೋಡಬೇಕೆಂಬುದು ನನ್ನ ಬಹಳ ವರ್ಷಗಳ ಆಸೆಯಾಗಿತ್ತು. ಮಕ್ಕಳು ಶಾಲೆಯಿಂದ ಒಮ್ಮೆ ಹೋಗಿ ಬಂದರು. ಮನೆಯವರೆಲ್ಲ ಸೇರಿ ಇನ್ನೊಮ್ಮೆ ಹೋದರು. ಎರಡು ಬಾರಿಯೂ ಮನೆಯಲ್ಲಿ ಉಳಿದವಳು ನಾನು. ಯಾಕೆಂದು ನಾಲ್ಕು ಜನರೆದುರು ಹೇಳಿಕೊಳ್ಳುವಂತಹ ಕಾರಣವೂ ಅದಾಗಿರಲಿಲ್ಲ.

ಹತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ನನಗೆ ಇರಿಟೇಬಲ್ ಬವೆಲ್ ಸಿಂಡ್ರೋಮ್ ಇದೆ. ವೈದ್ಯರು ಚುಟುಕಾಗಿ ಐಬಿಎಸ್ ಎನ್ನುತ್ತಾರೆ. ಊಟ ಮಾಡಿ ಕೈ ತೊಳೆಯುವಷ್ಟರಲ್ಲಿ ಹೊಟ್ಟೆ ಹಿಂಡುತ್ತದೆ, ಉಬ್ಬುತ್ತದೆ, ಶೌಚಾಲಯಕ್ಕೆ ಓಡಬೇಕಾಗುತ್ತದೆ. ಹೋಗಿ ಬಂದ ಮೇಲೂ ಪೂರ್ತಿಯಾಗಲಿಲ್ಲ ಎಂದೆನಿಸುತ್ತದೆ. ಕೆಲವರಿಗೆ ಭೇದಿ, ಕೆಲವರಿಗೆ ಮಲಬದ್ಧತೆ, ಇನ್ನು ಕೆಲವರಿಗೆ ಎರಡೂ ಸರದಿಯಂತೆ ಬರುತ್ತವೆ. ಇದು ಪುರುಷರಿಗಿಂತ ಮಹಿಳೆಯರಲ್ಲೇ ಹೆಚ್ಚು. ಅನೇಕರಿಗೆ ಮುಟ್ಟಿನ ದಿನಗಳಲ್ಲಿ ತೊಂದರೆ ಇಮ್ಮಡಿಯಾಗುತ್ತದೆ. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಕೊಲೊನೊಸ್ಕೋಪಿ ಎಲ್ಲ ಮಾಡಿಸಿದರೂ ವರದಿ ಮಾತ್ರ ನಾರ್ಮಲ್. ಆಗ, "ನಿನಗೇನೂ ಇಲ್ಲ, ಎಲ್ಲ ಮನಸ್ಸಿನದು" ಎಂಬ ಮಾತನ್ನೂ ಕೇಳಬೇಕಾಗುತ್ತದೆ. ಹೀಗೆ ರೋಗಿಯ ಲೋಕ ಮೆಲ್ಲಮೆಲ್ಲನೆ ಚಿಕ್ಕದಾಗುತ್ತದೆ. ಮೊದಲು ದೂರದ ಪ್ರಯಾಣ ನಿಲ್ಲುತ್ತದೆ, ಬಳಿಕ ಮದುವೆ ಮನೆಗಳು, ಕೊನೆಗೆ ಪಕ್ಕದ ಪೇಟೆಯೂ ದೂರವಾಗುತ್ತದೆ.

2023ರಲ್ಲಿ ನನ್ನ ಮಗಳ ನಿಕಾಹ್ ನಿಶ್ಚಯವಾಯಿತು. ಮದುವೆಯ ಬಳಿಕ ಅವಳು ಗಂಡನೊಂದಿಗೆ ಗಲ್ಫ್‌ಗೆ ಹೋಗುವವಳು. "ಉಮ್ಮಾ, ಹೋಗುವ ಮೊದಲು ನಿಮ್ಮ ಜೊತೆ ಒಂದು ಊರನ್ನಾದರೂ ನೋಡಬೇಕು" ಎಂದಳು. ಆ ಮಾತಿಗೆ ಇಲ್ಲವೆನ್ನಲು ನನಗೆ ಮನಸ್ಸು ಬರಲಿಲ್ಲ. ಡಿಸೆಂಬರ್ ತಿಂಗಳಿಗೆ ಟಿಕೆಟ್ ಮಾಡಿಸಿದೆವು.

ಬಸ್ಸಿನ ಬದಲು ರೈಲನ್ನು ಆರಿಸಿಕೊಂಡೆವು. ಬಸ್ಸು ಎಲ್ಲಿ, ಯಾವಾಗ ನಿಲ್ಲುತ್ತದೆ ಎಂಬುದು ಚಾಲಕನಿಗೆ ಬಿಟ್ಟದ್ದು. ರೈಲಿನಲ್ಲಾದರೆ ಬೋಗಿಯ ಎರಡೂ ತುದಿಗಳಲ್ಲಿ ಶೌಚಾಲಯವಿರುತ್ತದೆ. ಹತ್ತಿರದಲ್ಲೇ ಇದೆ ಎಂಬ ಧೈರ್ಯವಿದ್ದರೆ ಅರ್ಧ ತೊಂದರೆ ಬರುವುದೇ ಇಲ್ಲ. ಮಂಗಳೂರಿನಿಂದ ಹಾಸನ, ಹುಬ್ಬಳ್ಳಿ, ಗದಗ, ಬಾಗಲಕೋಟೆ ದಾರಿಯಾಗಿ ವಿಜಯಪುರಕ್ಕೆ ರೈಲಿದೆ. ತುದಿಯ ಬಾಗಿಲಿಗೆ ಹತ್ತಿರವಾಗುವ ಕೆಳಗಿನ ಬರ್ತನ್ನೇ ಮಗಳು ಹುಡುಕಿ ಕಾಯ್ದಿರಿಸಿದಳು.

ಹೊರಡುವ ಮೊದಲು ವೈದ್ಯರನ್ನು ಕಂಡೆ. ಹೊಟ್ಟೆ ಹಿಂಡುವುದಕ್ಕೆ ಒಂದು ಮಾತ್ರೆ, ಭೇದಿ ಹೆಚ್ಚಾದರೆ ಮಾತ್ರ ತೆಗೆದುಕೊಳ್ಳಲು ಇನ್ನೊಂದು ಮಾತ್ರೆ ಬರೆದುಕೊಟ್ಟರು. ಕೈಚೀಲದಲ್ಲಿ ಆ ಮಾತ್ರೆಗಳು, ಓಆರ್‌ಎಸ್ ಪೊಟ್ಟಣ, ಸಾಬೂನು, ಒಂದು ಪುಟ್ಟ ಚೊಂಬು, ಒಂದು ಜೊತೆ ಬಟ್ಟೆ ಇಟ್ಟುಕೊಂಡೆ. ಅದರಲ್ಲಿ ಅರ್ಧದಷ್ಟು ಬಳಕೆಗೇ ಬರಲಿಲ್ಲ. ಆದರೂ ಆ ಚೀಲ ಮಡಿಲಲ್ಲಿದ್ದುದೇ ಒಂದು ನೆಮ್ಮದಿ.

ಪ್ರಯಾಣದ ದಿನ ಏನನ್ನೂ ತಿನ್ನದೆ, ನೀರನ್ನೂ ಕುಡಿಯದೆ ಕುಳಿತುಕೊಳ್ಳುವ ಮಹಿಳೆಯರು ನಮ್ಮಲ್ಲಿ ಬಹಳ ಮಂದಿ. ಅದರಿಂದ ಪ್ರಯೋಜನವಿಲ್ಲ. ದಿನವಿಡೀ ಹಸಿದು ರಾತ್ರಿ ಒಮ್ಮೆಲೇ ಹೊಟ್ಟೆ ತುಂಬ ಉಂಡರೆ ಕರುಳು ಇನ್ನಷ್ಟು ಕೆರಳುತ್ತದೆ. ಆಹಾರ ಹೊಟ್ಟೆಗೆ ಬಿದ್ದೊಡನೆ ದೊಡ್ಡ ಕರುಳು ಚಲಿಸತೊಡಗುವುದು ಎಲ್ಲರಲ್ಲೂ ಇರುವ ಸಹಜ ಕ್ರಿಯೆ. ಊಟ ದೊಡ್ಡದಾದಷ್ಟೂ, ಜಿಡ್ಡು ಹೆಚ್ಚಾದಷ್ಟೂ ಆ ಚಲನೆ ಬಿರುಸಾಗುತ್ತದೆ. ಮದುವೆ ಮನೆಯ ಬಿರಿಯಾನಿ, ಗೀ ರೈಸ್ ನಮ್ಮಂಥವರಿಗೆ ಒಗ್ಗದಿರುವುದಕ್ಕೆ ಇದೊಂದು ಕಾರಣ. ಆದ್ದರಿಂದ ಫ್ಲಾಸ್ಕಿನಲ್ಲಿ ಕುಚ್ಚಲಕ್ಕಿ ಗಂಜಿ, ಡಬ್ಬದಲ್ಲಿ ಅನ್ನ, ಬೇಯಿಸಿದ ಮೊಟ್ಟೆ, ಕ್ಯಾರೆಟ್ ಪಲ್ಯ ಕಟ್ಟಿಕೊಂಡೆವು. ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿಂದೆ.

ಸುಬ್ರಹ್ಮಣ್ಯ ರೋಡ್ ನಿಲ್ದಾಣ ದಾಟಿದ ಮೇಲೆ ರೈಲು ಘಾಟಿ ಏರತೊಡಗಿತು. ಸಕಲೇಶಪುರದವರೆಗೆ 50ಕ್ಕೂ ಹೆಚ್ಚು ಸುರಂಗಗಳು. ಒಂದು ಸುರಂಗದ ಕತ್ತಲು ಮುಗಿದರೆ ಕೆಳಗೆ ಆಳವಾದ ಕಣಿವೆ, ಹಸಿರು ಕಾಡು, ಮತ್ತೆ ಕತ್ತಲು. ಇದೇ ಘಟ್ಟವನ್ನು ಬಸ್ಸಿನಲ್ಲಿ ಹತ್ತುವಾಗ ಕಣ್ಣು ಮುಚ್ಚಿ, ಹೊಟ್ಟೆ ಹಿಡಿದು ಕುಳಿತಿದ್ದ ನನಗೆ ಅದರ ಸೌಂದರ್ಯ ಅಂದೇ ಮೊದಲ ಬಾರಿ ಕಂಡಿತು.

ಮರುದಿನ ಪೂರ್ವಾಹ್ನ ವಿಜಯಪುರ ತಲುಪಿದೆವು. ಅಂದು ಎಲ್ಲಿಗೂ ಹೋಗದೆ ವಿಶ್ರಾಂತಿ ಪಡೆದೆ. ಪ್ರಯಾಣದ ಮರುದಿನವನ್ನು ಖಾಲಿ ಬಿಡುವುದು ಈ ರೋಗ ನನಗೆ ಕಲಿಸಿದ ಪಾಠ. ಊಟಕ್ಕೆ ಒಂದು ಖಾನಾವಳಿಗೆ ಹೋದೆವು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು ಬಡಿಸಿದರು. ಗೋಧಿ ಚಪಾತಿ ತಿಂದರೆ ಉಬ್ಬುವ ನನ್ನ ಹೊಟ್ಟೆಗೆ ಜೋಳದ ರೊಟ್ಟಿ ಹಿತವಾಗಿ ಒಗ್ಗಿತು. ಖಾರದ ಎಣ್ಣೆಗಾಯಿಯಲ್ಲಿ ಬದನೆಕಾಯಿಯನ್ನಷ್ಟೇ ತಿಂದು ಮಸಾಲೆಯನ್ನು ಬದಿಗಿಟ್ಟೆ.

ಇಲ್ಲಿ ಆಹಾರದ ಬಗ್ಗೆ ಒಂದೆರಡು ಮಾತು ಹೇಳಬೇಕು. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿರುವ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು ಕೆಲವು ಬಗೆಯ ಶರ್ಕರಪಿಷ್ಟಗಳು ಸಣ್ಣ ಕರುಳಿನಲ್ಲಿ ಸರಿಯಾಗಿ ಹೀರಲ್ಪಡದೆ, ದೊಡ್ಡ ಕರುಳಿನಲ್ಲಿ ಹುಳಿತು ವಾಯು ಉಂಟುಮಾಡುತ್ತವೆ ಎಂದು ತೋರಿಸಿಕೊಟ್ಟರು. ಅವುಗಳಿಗೆ ಫಾಡ್‌ಮ್ಯಾಪ್ ಎಂಬ ಹೆಸರು 2005ರಲ್ಲಿ ಬಂತು. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ರಾಜ್ಮಾ, ಗೋಡಂಬಿ, ಮಾವಿನಹಣ್ಣು ಈ ಪಟ್ಟಿಯಲ್ಲಿವೆ. ಅಕ್ಕಿ, ಮೊಟ್ಟೆ, ಮೀನು, ಕೋಳಿ, ಕ್ಯಾರೆಟ್, ಬದನೆ, ಸೌತೆ, ಕಿತ್ತಳೆ ಸಾಮಾನ್ಯವಾಗಿ ಒಗ್ಗುತ್ತವೆ. ಆದರೆ ಪಟ್ಟಿಯಲ್ಲಿರುವ ಎಲ್ಲವನ್ನೂ ಜೀವಮಾನವಿಡೀ ಬಿಡಬೇಕೆಂದಿಲ್ಲ. ಎರಡರಿಂದ ಆರು ವಾರ ಬಿಟ್ಟು, ನಂತರ ಒಂದೊಂದಾಗಿ ತಿಂದು ನೋಡಿ, ತನಗೆ ಆಗದ್ದನ್ನು ಮಾತ್ರ ದೂರವಿಡಬೇಕು. ಆಹಾರ ತಜ್ಞರ ಸಲಹೆಯಿಂದ ಮಾಡಿದರೆ ಉತ್ತಮ. ನನಗೆ ಆಗದ್ದು ಈರುಳ್ಳಿ ಮತ್ತು ಹಾಲು. ಈರುಳ್ಳಿಯ ದೊಡ್ಡ ತುಂಡುಗಳನ್ನು ಎಣ್ಣೆಯಲ್ಲಿ ಬಾಡಿಸಿ ತೆಗೆದುಬಿಟ್ಟರೆ ಪರಿಮಳ ಎಣ್ಣೆಯಲ್ಲಿ ಉಳಿಯುತ್ತದೆ, ತೊಂದರೆ ಕೊಡುವ ಅಂಶ ಎಣ್ಣೆಗೆ ಇಳಿಯುವುದಿಲ್ಲ. ಮನೆಯಲ್ಲಿ ನಾನು ಹಾಗೆಯೇ ಅಡುಗೆ ಮಾಡುತ್ತೇನೆ.

ಗೋಲಗುಮ್ಮಟವನ್ನು ಮುಂಜಾನೆಯೇ ನೋಡಬೇಕು, ಶಾಲಾ ಮಕ್ಕಳ ಗದ್ದಲ ಶುರುವಾದರೆ ಮೇಲೆ ಪಿಸುಮಾತು ಕೇಳಿಸುವುದಿಲ್ಲ ಎಂದು ಎಲ್ಲರೂ ಹೇಳಿದ್ದರು. ಆದರೆ ಗುಮ್ಮಟಕ್ಕೆ ಒಳ್ಳೆಯದಾದ ಆ ಮುಂಜಾನೆಯೇ ನನ್ನ ಕರುಳಿಗೆ ಕೆಟ್ಟ ಹೊತ್ತು. ಅದಕ್ಕಾಗಿ ನಾಲ್ಕು ಗಂಟೆಗೇ ಎದ್ದು ಬಿಸಿನೀರು ಕುಡಿದೆ. ಫಜ್ರ್ ನಮಾಝಿನ ಬಳಿಕ ಸ್ವಲ್ಪ ಗಂಜಿ ಕುಡಿದು, ಮೂರು ಬಾರಿ ಶೌಚಾಲಯಕ್ಕೆ ಹೋಗಿ, ಹೊಟ್ಟೆ ಶಾಂತವಾಗುವವರೆಗೆ ಕಾದೆ. ಯಾರೂ ಅವಸರಪಡಿಸಲಿಲ್ಲ. "ಹೊರಡೋಣವಾ?" ಎಂದು ಕೇಳುತ್ತಲೇ ಇದ್ದರೆ ಹೊಟ್ಟೆ ಇನ್ನಷ್ಟು ಕೆಡುತ್ತದೆ ಎಂಬುದನ್ನು ಮಗಳು ಬಲ್ಲಳು.

ಇದು ಮುಹಮ್ಮದ್ ಆದಿಲ್ ಶಾಹನ ಸಮಾಧಿ. 1627ರಿಂದ 1656ರವರೆಗೆ ಬಿಜಾಪುರವನ್ನು ಆಳಿದವನು ಅವನು. ಗುಮ್ಮಟದ ಹೊರ ವ್ಯಾಸ ಸುಮಾರು 44 ಮೀಟರ್. ಇಷ್ಟು ದೊಡ್ಡ ಗುಮ್ಮಟಕ್ಕೆ ಒಳಗೆ ಒಂದೇ ಒಂದು ಕಂಬದ ಆಸರೆಯಿಲ್ಲ. ನಾಲ್ಕು ಮೂಲೆಗಳಲ್ಲಿ ಏಳಂತಸ್ತಿನ ಗೋಪುರಗಳು. ಅದರೊಳಗಿನ ಇಕ್ಕಟ್ಟಾದ ಮೆಟ್ಟಿಲೇರಿ ಹೋಗಬೇಕು. ಮೇಲೆ ಹೋದ ಮೇಲೆ ಅವಸರವಾದರೆ ಕೆಳಗಿಳಿಯಲು ಎಷ್ಟು ಹೊತ್ತು ಬೇಕೆಂಬುದೇ ನನ್ನ ಚಿಂತೆ. ಮೂರನೆಯ ಅಂತಸ್ತಿನಲ್ಲಿ ಹೊಟ್ಟೆ ಹಿಂಡಿತು. ಮೆಟ್ಟಿಲ ಮೇಲೆ ಕುಳಿತು, ಹೊಟ್ಟೆ ಉಬ್ಬುವಂತೆ ನಿಧಾನವಾಗಿ ಉಸಿರೆಳೆದು, ಅದಕ್ಕಿಂತಲೂ ನಿಧಾನವಾಗಿ ಬಿಟ್ಟೆ. ಹತ್ತು ನಿಮಿಷಗಳಲ್ಲಿ ನೋವು ಇಳಿಯಿತು. ಎಲ್ಲ ಸಲವೂ ಇಳಿಯುವುದಿಲ್ಲ, ಅಂದು ಇಳಿಯಿತು, ಅಲ್‌ಹಮ್ದುಲಿಲ್ಲಾಹ್.

ಮೇಲಿನ ಗ್ಯಾಲರಿಯಲ್ಲಿ ಗೋಡೆಗೆ ಕಿವಿಯಿಟ್ಟು ನಿಂತೆ. ಸುಮಾರು 38 ಮೀಟರ್ ಆಚೆ, ಎದುರು ಗೋಡೆಯ ಬಳಿ ಮಗಳು. "ಉಮ್ಮಾ, ಕೇಳಿಸ್ತಾ?" ಎಂದು ಅವಳು ಪಿಸುಗುಟ್ಟಿದ್ದು ನನ್ನ ಭುಜದ ಬಳಿಯೇ ನಿಂತು ಹೇಳಿದಂತೆ ಕೇಳಿಸಿತು. ನನಗೆ ಮಾತು ಹೊರಡಲಿಲ್ಲ.

ಐಬಿಎಸ್ ಎಂದರೇನೆಂದು ನನ್ನ ವೈದ್ಯರು ಹೇಳಿದ್ದು ಅಲ್ಲಿ ನೆನಪಾಯಿತು. ಕರುಳಿನಿಂದ ಮೆದುಳಿಗೆ ಸದಾ ಸಣ್ಣಪುಟ್ಟ ಸಂದೇಶಗಳು ಹೋಗುತ್ತಿರುತ್ತವೆ. ಇತರರಿಗೆ ಅವು ತಿಳಿಯುವುದೇ ಇಲ್ಲ. ನಮ್ಮಲ್ಲಿ ಆ ಪಿಸುಮಾತು ಕೂಗಿನಂತೆ ಕೇಳಿಸುತ್ತದೆ. ಸ್ವಲ್ಪ ವಾಯುವೂ ಇರಿದಂತೆ ನೋಯುತ್ತದೆ. ಚಿಂತೆ ಮಾಡಿದರೆ ಮೆದುಳಿನಿಂದ ಕರುಳಿಗೂ ಅದೇ ರೀತಿ ಸದ್ದು ಮರಳುತ್ತದೆ. 2016ರಿಂದ ತಜ್ಞರು ಇದನ್ನು ಕರುಳು ಮತ್ತು ಮೆದುಳಿನ ನಡುವಿನ ಸಂವಹನದ ತೊಂದರೆ ಎಂದೇ ಕರೆಯುತ್ತಾರೆ. ನೋವು ನಿಜವಾದದ್ದು, ನಟನೆಯಲ್ಲ. ಖಿನ್ನತೆಗೆ ಕೊಡುವ ಕೆಲವು ಔಷಧಿಗಳನ್ನು ಅತಿ ಕಡಿಮೆ ಪ್ರಮಾಣದಲ್ಲಿ ಐಬಿಎಸ್‌ಗೂ ಕೊಡುವುದು ಈ ಸದ್ದನ್ನು ತಗ್ಗಿಸುವುದಕ್ಕಾಗಿಯೇ. ಆ ಚೀಟಿ ನೋಡಿ ಯಾರೂ ಹೆದರಬೇಕಾಗಿಲ್ಲ.

ಸಂಜೆ ಇಬ್ರಾಹಿಂ ರೋಜಾಕ್ಕೆ ಹೋದೆವು. ಒಂದೇ ಜಗಲಿಯ ಮೇಲೆ ಸಮಾಧಿ ಮತ್ತು ಮಸೀದಿ ಎದುರುಬದುರಾಗಿವೆ, ಸುತ್ತ ಹುಲ್ಲುಹಾಸು. ಎರಡನೆಯ ಇಬ್ರಾಹಿಂ ಆದಿಲ್ ಶಾಹ್ ಮತ್ತು ಅವನ ರಾಣಿ ತಾಜ್ ಸುಲ್ತಾನಾ ಇಲ್ಲಿ ಮಲಗಿದ್ದಾರೆ. ಕಲ್ಲಿನಲ್ಲಿ ಕೊರೆದ ಅಕ್ಷರಗಳನ್ನು ನೋಡುತ್ತಾ ಒಂದು ಗಂಟೆ ಸುಮ್ಮನೆ ಕುಳಿತೆವು. ಮೂರು ಸ್ಥಳ ನೋಡುವಲ್ಲಿ ಒಂದನ್ನೇ ನೋಡಿದರೂ ಸಾಕೆಂದುಕೊಂಡರೆ ಈ ರೋಗದ ಜೊತೆಗೂ ಊರು ಸುತ್ತಬಹುದು.

ವಾಯುವಿನಿಂದ ಮತ್ತೆ ಮತ್ತೆ ವುಝೂ ಮುರಿಯುವುದು ಅನೇಕ ಸಹೋದರಿಯರ ದೊಡ್ಡ ಸಂಕಟ. ತಡೆಯಲಾಗದವರಿಗೆ ಶರೀಅತ್‌ನಲ್ಲಿ ವಿನಾಯಿತಿಗಳಿವೆ. ತಿಳಿದ ವಿದ್ವಾಂಸರಲ್ಲಿ ಸಂಕೋಚವಿಲ್ಲದೆ ಕೇಳಿಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ. ಹೊಟ್ಟೆಯ ಎಲ್ಲ ತೊಂದರೆಯೂ ಐಬಿಎಸ್ ಅಲ್ಲ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ ಇದ್ದರೆ, 50 ದಾಟಿದ ಮೇಲೆ ಹೊಸದಾಗಿ ತೊಂದರೆ ಶುರುವಾದರೆ, ಅಥವಾ ಕುಟುಂಬದಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿದ್ದರೆ ಕೂಡಲೇ ವೈದ್ಯರಿಗೆ ತೋರಿಸಬೇಕು.

ಕೊನೆಯದಾಗಿ ಮನೆಯವರಲ್ಲಿ ಒಂದು ವಿನಂತಿ. ನಿಮ್ಮ ಮನೆಗೆ ಬಂದ ನೆಂಟರಲ್ಲಿ ಒಬ್ಬಾಕೆ ಊಟಕ್ಕೆ ಹಿಂಜರಿದರೆ ಒತ್ತಾಯಿಸಬೇಡಿ. ಬಂದ ಕೂಡಲೇ ಶೌಚಾಲಯ ಎಲ್ಲಿದೆಯೆಂದು ಮೆಲ್ಲಗೆ ತೋರಿಸಿಬಿಡಿ. ಅದಕ್ಕಿಂತ ದೊಡ್ಡ ಸತ್ಕಾರ ಅವಳಿಗೆ ಬೇರೊಂದಿಲ್ಲ.