ಸತ್ತಿಲ್ಲ, ಸುಸ್ತಾಗಿದೆ

ಉತ್ತರ ಬೆಂಗಳೂರಿನಲ್ಲಿ ಕಂಪ್ಯೂಟರ್ ಸರ್ವಿಸ್ ಕಸುಬು ಮೊದಲು ಹೇಗಿತ್ತು ಎಂದು ಯಾರಾದರೂ ಕೇಳಿದರೆ ನಾನು ಶಾಲೆ ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಶುರು ಮಾಡುತ್ತೇನೆ. 2000ದ ಆಸುಪಾಸಿನಲ್ಲಿ ಆರ್.ಟಿ. ನಗರದ ಅಡ್ಡರಸ್ತೆಗಳಲ್ಲಿದ್ದ ಒಂದೊಂದು ಶಟರಿನ ಅಂಗಡಿಯಲ್ಲೂ ಸ್ಕ್ರೂಡ್ರೈವರ್ ಪಕ್ಕದಲ್ಲಿ ಒಂದು ರಬ್ಬರು ಇರುತ್ತಿತ್ತು. ಕಂಪ್ಯೂಟರ್ ಆನ್ ಆಗದೆ ಬೀಪ್ ಬೀಪ್ ಎಂದರೆ ರ‍್ಯಾಮ್ ಕಿತ್ತು, ಅದರ ಚಿನ್ನದ ಬಣ್ಣದ ಅಂಚನ್ನು ರಬ್ಬರಿನಲ್ಲಿ ಉಜ್ಜಿ, ಮತ್ತೆ ಸಿಕ್ಕಿಸುವುದು. ಬಹಳಷ್ಟು ಸಲ ಅಷ್ಟಕ್ಕೇ ಎದ್ದು ಕೂರುತ್ತಿತ್ತು. ಎಸ್‌ಎಂಪಿಎಸ್ ಸುಟ್ಟರೆ ಮೂಗಿಗೆ ಗೊತ್ತಾಗುತ್ತಿತ್ತು, ಮದರ್‌ಬೋರ್ಡಿನ ಕೆಪಾಸಿಟರ್ ಉಬ್ಬಿದ್ದರೆ ಕಣ್ಣಿಗೆ ಕಾಣುತ್ತಿತ್ತು, ಹಾರ್ಡ್ ಡಿಸ್ಕ್ ಹೋಗಿದ್ದರೆ ಟಕ್ ಟಕ್ ಸದ್ದು ಕಿವಿಗೆ ಬೀಳುತ್ತಿತ್ತು. ಕೆಟ್ಟ ಭಾಗ ಯಾವುದೆಂದು ತಿಳಿದ ಮೇಲೆ ಮೇಖ್ರಿ ಸರ್ಕಲ್ ದಾಟಿ ಬಿಡಿಭಾಗ ಮಾರುವ ಎಸ್‌ಪಿ ರೋಡಿಗೆ ಹೋಗಿ ಹೊಸದು ತಂದು ಹಾಕಿದರೆ ಕೆಲಸ ಮುಗಿಯಿತು.

ನಾನು ಕೆಲಸ ಕಲಿತದ್ದು ಅಂಥ ಅಂಗಡಿಯಲ್ಲಿ. ಆದರೆ ಈ ಕಸುಬು ಎತ್ತ ಹೊರಟಿದೆ ಎಂಬ ಮೊದಲ ಸುಳಿವು ಸಿಕ್ಕಿದ್ದು ಮದುವೆ ವಿಡಿಯೋ ಸ್ಟುಡಿಯೋಗಳಲ್ಲಿ. ಗಂಗಾನಗರ, ಸಂಜಯನಗರ, ಯಶವಂತಪುರದ ಸ್ಟುಡಿಯೋದವರು ಆಗ ಮಿನಿಡಿವಿ ಟೇಪಿಗೆ ಬದಲಾಗುತ್ತಿದ್ದರು. ಒಂದು ಗಂಟೆಯ ಟೇಪನ್ನು ಕಂಪ್ಯೂಟರಿಗೆ ಇಳಿಸಲು ಒಂದು ಗಂಟೆಯೇ ಬೇಕು, ಇಳಿಸಿದ ಮೇಲೆ ಅದು ಸುಮಾರು 13 ಜಿಬಿ. ಧಾರೆ, ಆರತಕ್ಷತೆ ಸೇರಿ ನಾಲ್ಕೈದು ಟೇಪು. ಕಂಪ್ಯೂಟರಿನಲ್ಲಿದ್ದದ್ದು 40 ಜಿಬಿ, ಹೆಚ್ಚೆಂದರೆ 80 ಜಿಬಿ ಡಿಸ್ಕ್. ಒಂದೇ ಮುಹೂರ್ತದ ದಿನ ಎರಡು ಮದುವೆ ಒಪ್ಪಿಕೊಂಡವರಿಗೆ ಜಾಗವೇ ಸಾಲದು. ಹಾಗಾಗಿ ಹಳೆಯ ಸಿಪಿಯು ಒಂದಕ್ಕೆ ಸಿಕ್ಕಿದ ಡಿಸ್ಕುಗಳನ್ನೆಲ್ಲ ಹಾಕಿ, ಲಿನಕ್ಸ್ ಮತ್ತು ಸಾಂಬಾ ಇಳಿಸಿ, ಎಡಿಟಿಂಗ್ ಮಾಡುವ ಎರಡು ಮೂರು ಕಂಪ್ಯೂಟರುಗಳಿಗೂ ಅದೇ ಉಗ್ರಾಣ ಕಾಣುವಂತೆ ಮಾಡಿಕೊಡುತ್ತಿದ್ದೆವು. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ 1990ರ ದಶಕದ ಆರಂಭದಲ್ಲಿ ಬರೆಯತೊಡಗಿದ ಸಾಂಬಾ ಎಲ್ಲರಿಗೂ ಉಚಿತವಾಗಿ ಸಿಗುವ ತಂತ್ರಾಂಶ. ಲೈಸೆನ್ಸಿಗೆ ದುಡ್ಡು ಹಾಕಲಾಗದ ನಮ್ಮ ಸ್ಟುಡಿಯೋಗಳು ಅದರ ಮೇಲೆಯೇ ನಿಂತಿದ್ದವು ಎಂಬುದನ್ನು ಕೃತಜ್ಞತೆಯಿಂದ ಹೇಳುತ್ತೇನೆ.

ಅಲ್ಲಿಯೇ ನಾನು ಮೊದಲ ಬಾರಿಗೆ, ಯಾವ ಭಾಗವೂ ಕೆಡದೆ ಕೆಟ್ಟ ಯಂತ್ರವನ್ನು ಕಂಡದ್ದು. ಒಬ್ಬರು ಟೇಪ್ ಇಳಿಸುತ್ತಿದ್ದಾಗ ಇನ್ನೊಬ್ಬರು ಎಡಿಟಿಂಗ್ ಶುರು ಮಾಡಿದರೆ ಇಬ್ಬರದೂ ನಿಂತುಹೋಗುತ್ತಿತ್ತು. ಡಿಸ್ಕ್ ಸರಿಯಿದೆ, ಕೇಬಲ್ ಸರಿಯಿದೆ, ಸದ್ದಿಲ್ಲ, ವಾಸನೆಯಿಲ್ಲ. ಇಬ್ಬರ ಕೆಲಸದ ಹೊತ್ತನ್ನು ಬೇರೆ ಮಾಡಿದಾಗ ಎಲ್ಲವೂ ಸರಿಹೋಯಿತು.

ಮನೆಗಳಿಗೆ ಈ ಸಮಸ್ಯೆ ನಿಧಾನವಾಗಿ ಬಂತು. 2005ರಲ್ಲಿ ಬಿಎಸ್‌ಎನ್‌ಎಲ್‌ನ ಡೇಟಾಒನ್ ಬ್ರಾಡ್‌ಬ್ಯಾಂಡ್ ಬಂದಾಗ, ರಾತ್ರಿ 2ರಿಂದ ಬೆಳಿಗ್ಗೆ 8ರವರೆಗೆ ಎಷ್ಟು ಇಳಿಸಿಕೊಂಡರೂ ಲೆಕ್ಕವಿಲ್ಲ ಎನ್ನುವ ಪ್ಲಾನ್ ಇತ್ತು. ಅಲಾರಂ ಇಟ್ಟುಕೊಂಡು ಎದ್ದು ಡೌನ್‌ಲೋಡ್ ಹಚ್ಚುತ್ತಿದ್ದ ಇಂಜಿನಿಯರಿಂಗ್ ಹುಡುಗರ ಮನೆಗಳಲ್ಲಿ ಡಿಸ್ಕ್ ತುಂಬತೊಡಗಿತು. ಮೂರು ವರ್ಷದ ಮೇಲೆ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಬಳ್ಳಾರಿ ರಸ್ತೆಯ ಎರಡೂ ಬದಿ ಅಪಾರ್ಟ್‌ಮೆಂಟುಗಳು ಎದ್ದವು. ಬಿಇಎಲ್, ಎಚ್‌ಎಂಟಿ, ಯಲಹಂಕದ ರೈಲು ಗಾಲಿ ಕಾರ್ಖಾನೆಯಿಂದ ನಿವೃತ್ತರಾದವರ ಮಕ್ಕಳು ಅಮೆರಿಕದಿಂದ ರಜೆಗೆ ಬರುವಾಗ ಸೂಟ್‌ಕೇಸಿನಲ್ಲಿ ಒಂದು ಕಪ್ಪು ಡಬ್ಬಿ ತರಲು ಶುರು ಮಾಡಿದರು. ಒಳಗೆ ಎರಡೋ ನಾಲ್ಕೋ ಡಿಸ್ಕ್, ಹಿಂದೆ ನೆಟ್‌ವರ್ಕ್ ಕೇಬಲಿಗೆ ಒಂದು ತೂತು. ಪೂರ್ತಿ ಹೆಸರು ನೆಟ್‌ವರ್ಕ್ ಅಟ್ಯಾಚ್ಡ್ ಸ್ಟೋರೇಜ್, ಬಾಯಿಮಾತಿನಲ್ಲಿ ನ್ಯಾಸ್. ನಾನು ಹೋದ ಮನೆಗಳಲ್ಲಿ ಹೆಚ್ಚಿನವರು ಅದನ್ನು ‘ಮಗ ತಂದ ಡಬ್ಬಿ’ ಎಂದೇ ಕರೆಯುತ್ತಿದ್ದರು.

2011ರ ಅಕ್ಟೋಬರಿನಲ್ಲಿ ಥಾಯ್ಲೆಂಡಿನಲ್ಲಿ ಪ್ರವಾಹ ಬಂದು ಹಾರ್ಡ್ ಡಿಸ್ಕ್ ಕಾರ್ಖಾನೆಗಳು ನೀರಿನಲ್ಲಿ ಮುಳುಗಿದವು. ಎಸ್‌ಪಿ ರೋಡಿನಲ್ಲಿ ಬೆಳಿಗ್ಗೆ ಹೇಳಿದ ರೇಟು ಸಂಜೆಗೆ ಇರುತ್ತಿರಲಿಲ್ಲ. ಎರಡನೆಯ ಡಿಸ್ಕ್ ಆಮೇಲೆ ಹಾಕಿಸೋಣ ಎಂದು ಮುಂದೂಡಿದ ಮನೆಗಳು ಆಗ ಬಹಳ.

ಆ ಡಬ್ಬಿಗಳ ಪೈಕಿ ಒಂದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ನಂತರ ಕಂಡ ಎಷ್ಟೋ ಮನೆಗಳ ಕಥೆ ಅದರಲ್ಲೇ ಇತ್ತು. ಯಲಹಂಕ ನ್ಯೂ ಟೌನಿನ ಒಂದು ಮನೆ. ಗಂಡ ನಿವೃತ್ತರು, ಹೆಂಡತಿ ಮಕ್ಕಳಿಗೆ ದೇವರನಾಮ ಹೇಳಿಕೊಡುವವರು. ಎರಡು ಡಿಸ್ಕಿನ, ತಲಾ 4 ಟಿಬಿಯ ಡಬ್ಬಿ. ಬೇರೆ ಕಡೆ ತೋರಿಸಿದ್ದಾಗ, ಸತ್ತುಹೋಗಿದೆ, ಹೊಸದು ತಗೊಳ್ಳಿ ಎಂದು ಹೇಳಿ ಕಳಿಸಿದ್ದರಂತೆ.

‘ಹೊಸದು ತಗೋಳೋದು ದೊಡ್ಡದಲ್ಲಪ್ಪ. ಒಳಗೆ ನಮ್ಮ ಗುರುಗಳು ಹಾಡಿರೋದಿದೆ. ಅದು ಬರತ್ತಾ ಹೇಳು’ ಎಂದರು ಆ ತಾಯಿ.

‘ಮೊದಲು ನೋಡ್ತೀನಮ್ಮ. ಅಲ್ಲೀವರೆಗೂ ಯಾರೂ ಸ್ವಿಚ್ ಆರಿಸಬೇಡಿ’ ಎಂದೆ.

ಲ್ಯಾಪ್‌ಟಾಪಿನಿಂದ ಡಬ್ಬಿಯ ಒಳಗೆ ಲಾಗಿನ್ ಆಗಲೇ ಮೂರು ನಾಲ್ಕು ನಿಮಿಷ ಹಿಡಿಯಿತು. ಈ ಡಬ್ಬಿಗಳಲ್ಲಿ ಹೆಚ್ಚಿನವುಗಳ ಒಳಗಿರುವುದು ಲಿನಕ್ಸೇ. ಒಳಗೆ ಏನೇನು ಓಡುತ್ತಿದೆ ಎಂದು ತೋರಿಸುವ ‘ಟಾಪ್’ ಎಂಬ ಆದೇಶ ಟೈಪ್ ಮಾಡಿದೆ. ಓಡುತ್ತಿರುವ ಮತ್ತು ಸರದಿಗೆ ಕಾಯುತ್ತಿರುವ ಕೆಲಸಗಳ ಸರಾಸರಿ ಎಣಿಕೆಯಾದ ಲೋಡ್ ಆವರೇಜ್ 18 ದಾಟಿತ್ತು. ಪ್ರೊಸೆಸರಿನಲ್ಲಿದ್ದದ್ದು ಎರಡೇ ಕೋರ್. ಹೊಸಬರು ಇದನ್ನು ನೋಡಿದ ಕೂಡಲೇ ಪ್ರೊಸೆಸರ್ ಸಾಲದು, ದೊಡ್ಡ ಮಾಡೆಲ್ ಕೊಳ್ಳಬೇಕು ಎನ್ನುತ್ತಾರೆ. ಆದರೆ ಲಿನಕ್ಸ್‌ನ ಈ ಲೆಕ್ಕದಲ್ಲಿ, ಪ್ರೊಸೆಸರಿಗಾಗಿ ಕಾಯುವ ಕೆಲಸಗಳ ಜತೆಗೆ ಡಿಸ್ಕಿನಿಂದ ಉತ್ತರ ಬರಲಿ ಎಂದು ಕಾಯುವ ಕೆಲಸಗಳೂ ಸೇರುತ್ತವೆ. ನ್ಯಾಯಬೆಲೆ ಅಂಗಡಿಯ ಮುಂದೆ ಸಾಲು ಉದ್ದವಿದೆ ಎಂದರೆ ತೂಗುವವನು ಕೈ ಬಿಡುವಿಲ್ಲದೆ ತೂಗುತ್ತಿದ್ದಾನೆ ಎಂದೇ ಅರ್ಥವಲ್ಲ, ಗೋಡೌನಿನಿಂದ ಅಕ್ಕಿ ಮೂಟೆ ಬಂದಿಲ್ಲದಿರಬಹುದು. ಕೆಳಗಿನ ಸಾಲಿನಲ್ಲಿ ‘ಡಬ್ಲ್ಯೂಎ’ ಎಂಬ ಅಂಕಿ ತೊಂಬತ್ತರ ಮೇಲಿತ್ತು. ಪ್ರೊಸೆಸರ್ ಸುಮ್ಮನೆ ಕೂತಿದೆ, ಡಿಸ್ಕಿಗೆ ಉಸಿರಾಡಲು ಬಿಡುವಿಲ್ಲ ಎಂದರ್ಥ. ತಿರುಗುವ ಡಿಸ್ಕಿನ ಮುಳ್ಳು ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಬೇಕು. ಚಿಲ್ಲರೆ ಚಿಲ್ಲರೆಯಾಗಿ ಬೇರೆ ಬೇರೆ ಕಡೆಯಿಂದ ಕೇಳಿದರೆ ಸೆಕೆಂಡಿಗೆ ನೂರು ಚಿಲ್ಲರೆ ಸಲಕ್ಕಿಂತ ಹೆಚ್ಚು ಅದರ ಕೈಲಾಗದು.

ಕೇಳುತ್ತಿದ್ದವರು ಯಾರು? ಗೇಟು, ಅಂಗಳ, ಮಹಡಿ, ಹಿತ್ತಲು ಎಂದು ಹಾಕಿಸಿದ್ದ ನಾಲ್ಕು ಸಿಸಿಟಿವಿ ಕ್ಯಾಮೆರಾ ಒಂದು. ತಲಾ 4 ಮೆಗಾಬಿಟ್‌ನಂತೆ ಹಗಲೂ ರಾತ್ರಿ ಬರೆದರೆ ದಿನಕ್ಕೆ 170 ಜಿಬಿಗಿಂತ ಹೆಚ್ಚು. ಮಗ, ಸೊಸೆಯ ಫೋನಿನ ಫೋಟೋಗಳು ಅಮೆರಿಕದಿಂದ ಇಲ್ಲಿಗೆ ಬಂದು ಬೀಳುತ್ತಿದ್ದವು, ಬಂದ ಪ್ರತಿ ಫೋಟೋಕ್ಕೂ ಡಬ್ಬಿ ನಾಲ್ಕಾರು ಅಳತೆಯ ಚಿಕ್ಕ ಚಿತ್ರ ತಯಾರಿಸುತ್ತಿತ್ತು. ಅಳಿಯನ ಲ್ಯಾಪ್‌ಟಾಪಿನ ಬ್ಯಾಕಪ್, ಟಿವಿಗೆ ಸಿನಿಮಾಗಳ ಪಟ್ಟಿ ಮಾಡುವ ಕೆಲಸ ಬೇರೆ. ಕ್ಯಾಮೆರಾ ಬಿಟ್ಟು ಉಳಿದೆಲ್ಲಕ್ಕೂ ಸೆಟ್ಟಿಂಗ್‌ನಲ್ಲಿ ರಾತ್ರಿ 12 ಎಂದಿತ್ತು. ಜಾಗ ಶೇಕಡಾ 96ರಷ್ಟು ತುಂಬಿತ್ತು, ಹಾಗಾಗಿ ಹೊಸ ಫೈಲು ಸಂದುಗೊಂದಿನಲ್ಲಿ ಚೂರುಚೂರಾಗಿ ಕೂರಬೇಕು.

ಇಷ್ಟರ ಮೇಲೆ ಕರೆಂಟು. ಡಬ್ಬಿಯ ಅಡಾಪ್ಟರಿಗೆ ಅಮೆರಿಕದ ಚಪ್ಪಟೆ ಪಿನ್ನು. ಅದನ್ನು ನಮ್ಮ ಪ್ಲಗ್ಗಿಗೆ ಹೊಂದಿಸಲು ಹಾಕಿದ್ದ ಕನ್ವರ್ಟರ್ ಸಡಿಲ. ಟಿವಿ ಶೋಕೇಸ್ ಒರೆಸುವಾಗ ಕೈ ತಾಗಿದರೂ ಡಬ್ಬಿ ಆರಿ ಹತ್ತುತ್ತಿತ್ತು. ಎರಡೂ ಡಿಸ್ಕಿನಲ್ಲಿ ಒಂದೇ ಮಾಹಿತಿ ಇಡುವ ಏರ್ಪಾಡಿಗೆ ರೇಡ್ ಎನ್ನುತ್ತಾರೆ. ಹೀಗೆ ತಟ್ಟನೆ ಆರಿದ ರೇಡ್, ಎರಡೂ ಡಿಸ್ಕಿನಲ್ಲಿ ಒಂದೇ ಇದೆಯೇ ಎಂದು ಮೊದಲಿನಿಂದ ತಾಳೆ ನೋಡತೊಡಗುತ್ತದೆ. 4 ಟಿಬಿಯನ್ನು ಸೆಕೆಂಡಿಗೆ 100 ಎಂಬಿಯಂತೆ ಓದಿದರೂ ಹನ್ನೊಂದು ಗಂಟೆ ಬೇಕು. ಬೇರೆಯವರೂ ಡಿಸ್ಕ್ ಕೇಳುತ್ತಿದ್ದರೆ ಈ ತಾಳೆ ತಾನೇ ಹಿಂದೆ ಸರಿಯುತ್ತದೆ, ಲಿನಕ್ಸ್‌ನ ಮೂಲ ಸೆಟ್ಟಿಂಗ್‌ನಲ್ಲಿ ಸೆಕೆಂಡಿಗೆ 1 ಎಂಬಿ ಮಟ್ಟಕ್ಕೂ ಇಳಿಯುತ್ತದೆ. ಮುಗಿಯುವಷ್ಟರಲ್ಲಿ ಮುಂಗಾರುಪೂರ್ವ ಮಳೆಗೆ ಎಲ್ಲೋ ಕೊಂಬೆ ಬಿದ್ದು ಮತ್ತೆ ಕರೆಂಟ್ ಹೋಗುತ್ತದೆ, ಮತ್ತೆ ಮೊದಲಿನಿಂದ. ಈ ಡಬ್ಬಿ ತಿಂಗಳುಗಟ್ಟಲೆ ಆ ತಾಳೆಯನ್ನು ಒಮ್ಮೆಯೂ ಮುಗಿಸಿರಲಿಲ್ಲ.

ಮೊದಲು ಮಾಡಿದ್ದು ಎಲ್ಲವನ್ನೂ ನಿಲ್ಲಿಸುವುದು. ಕ್ಯಾಮೆರಾ, ಫೋಟೋ, ಬ್ಯಾಕಪ್, ಸಿನಿಮಾ ಪಟ್ಟಿ ಒಂದೊಂದಾಗಿ ನಿಂತ ಹಾಗೆ ಲೋಡ್ ಇಳಿಯುತ್ತ ಬಂತು. ಆಮೇಲೆ ರಿಪೇರಿಗೆ ಕೈ ಹಾಕುವ ಮುನ್ನ ಗುರುಗಳ ಹಾಡಿನ ಫೋಲ್ಡರನ್ನು ಹೊರಗಿನ ಡಿಸ್ಕಿಗೆ ಇಳಿಸಿಕೊಂಡೆ. ಈ ಕ್ರಮವನ್ನು ನಾನು ಇಂದಿಗೂ ಬಿಟ್ಟಿಲ್ಲ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕಕ್ಕೆ ಸ್ಮಾರ್ಟ್ ವರದಿ ಎನ್ನುತ್ತಾರೆ. ಒಂದು ಡಿಸ್ಕಿನ ಆ ವರದಿಯಲ್ಲಿ ಓದಲಾಗದೆ ಬಾಕಿ ಉಳಿದ ಸೆಕ್ಟರುಗಳಿದ್ದವು. ಅದು ಸಾಮಾನ್ಯ ಕಂಪ್ಯೂಟರಿಗೆಂದು ಮಾಡಿದ ಡಿಸ್ಕ್. ಅಂಥದ್ದು ಓದಲಾಗದ ಜಾಗ ಸಿಕ್ಕರೆ ಹಟ ಹಿಡಿದು ಮತ್ತೆ ಮತ್ತೆ ಪ್ರಯತ್ನಿಸುತ್ತದೆ, ಅಷ್ಟು ಹೊತ್ತೂ ಉಳಿದವರೆಲ್ಲ ಕಾಯಬೇಕು. ನ್ಯಾಸ್‌ಗೆಂದೇ ಮಾಡಿದ ಡಿಸ್ಕುಗಳು ಸಾಮಾನ್ಯವಾಗಿ ಏಳು ಸೆಕೆಂಡಿಗೆ ಕೈಚೆಲ್ಲಿ, ಜೋಡಿ ಡಿಸ್ಕಿನಿಂದ ಓದಿಕೋ ಎಂದು ಬಿಟ್ಟುಕೊಡುತ್ತವೆ. ಆ ಒಂದು ಡಿಸ್ಕ್ ಬದಲಾಯಿತು. ಕ್ಯಾಮೆರಾಗಳಿಗೆ ಬೇರೆಯೇ ರೆಕಾರ್ಡರ್ ಬಂತು. ಉಳಿದ ಕೆಲಸಗಳನ್ನು ರಾತ್ರಿಯ ಬೇರೆ ಬೇರೆ ಗಂಟೆಗೆ ಹಂಚಿದೆ. ಚಿಕ್ಕ ಯುಪಿಎಸ್ ಒಂದನ್ನು ಯುಎಸ್‌ಬಿ ಕೇಬಲಿನಿಂದ ಡಬ್ಬಿಗೆ ಜೋಡಿಸಿ, ಬ್ಯಾಟರಿ ಇಳಿದಾಗ ಅದು ತಾನಾಗಿ ಮರ್ಯಾದೆಯಿಂದ ಆರುವಂತೆ ಮಾಡಿದೆ. ಸತ್ತಿದೆ ಎಂದಿದ್ದ ಡಬ್ಬಿ ಅದಾದ ಮೇಲೂ ವರ್ಷಗಟ್ಟಲೆ ದುಡಿಯಿತು.

ಹೀಗಿರುವಾಗಲೂ ಕಸುಬಿನಲ್ಲಿ ಡಬ್ಬಿ ಬಿಸಾಕಿ ಹೊಸದು ಕೊಡಿಸುವ ಅಭ್ಯಾಸ ಬೆಳೆದದ್ದು ನನಗೆ ನೋವಿನ ವಿಷಯ. ಹೆಬ್ಬಾಳದ ಅಪಾರ್ಟ್‌ಮೆಂಟುಗಳಲ್ಲಿ ಬಾಗಿಲ ಪಕ್ಕ ಮುಚ್ಚಿದ ಕಪಾಟಿನೊಳಗೆ ಫೈಬರ್ ಡಬ್ಬಿ, ವೈಫೈ ರೌಟರ್, ನ್ಯಾಸ್ ಮೂರನ್ನೂ ಒತ್ತಿ ಇಟ್ಟಿರುತ್ತಾರೆ. ಗಾಳಿಯಿಲ್ಲದೆ ಡಿಸ್ಕ್ ಕಾದು ಕೆಂಡವಾಗಿರುತ್ತದೆ. ಕಪಾಟಿನ ಬಾಗಿಲಿಗೆ ಜಾಲರಿ ಕೂರಿಸಿದರೆ ಸಾಕಾದ ಕಡೆ ಹೊಸ ಯಂತ್ರದ ಬಿಲ್ ಆಗಿರುವುದನ್ನು ನೋಡಿದ್ದೇನೆ. ಇನ್ನು ಕೆಲವು ಮನೆಗಳಲ್ಲಿ ಹಳೆಯ ಸ್ವಿಚ್ ಒಂದೇ ಅಡ್ಡಿ. 100 ಮೆಗಾಬಿಟ್‌ನ ಸ್ವಿಚ್ ಮೂಲಕ ಸೆಕೆಂಡಿಗೆ 12 ಎಂಬಿಗಿಂತ ಹೆಚ್ಚು ಹೋಗದು, ಒಳಗೆ ಯಾವ ಡಬ್ಬಿ ಇಟ್ಟರೂ ಅಷ್ಟೇ.

2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾಯಿತು. ಅದಕ್ಕೆ ಒಂದು ವರ್ಷ ಮೊದಲೇ ಬಂದಿದ್ದ ಗೂಗಲ್ ಫೋಟೋಸ್ ಉಚಿತವಾಗಿ ಎಷ್ಟು ಬೇಕಾದರೂ ಇಟ್ಟುಕೊಳ್ಳುತ್ತಿತ್ತು. ಮನೆಯ ಡಬ್ಬಿಗಳು ಅಟ್ಟ ಸೇರಿದವು. ಆರ್.ಟಿ. ನಗರದ ನನ್ನ ಪರಿಚಯದ ಅಂಗಡಿಗಳು ಒಂದೊಂದಾಗಿ ಮೊಬೈಲ್ ಗ್ಲಾಸ್ ಹಾಕುವ ಅಂಗಡಿಗಳಾದವು. 2020ರ ಮಾರ್ಚಿನ ಲಾಕ್‌ಡೌನ್ ಬಂದಾಗ ಎಲ್ಲ ತಿರುವುಮುರುವು. ಒಂದೇ ಮನೆಯಲ್ಲಿ ಇಬ್ಬರ ಆಫೀಸು, ಮಕ್ಕಳ ಆನ್‌ಲೈನ್ ಕ್ಲಾಸು. ಅಟ್ಟದ ಡಬ್ಬಿ ಕೆಳಗಿಳಿಯಿತು. ನಾನು ಮನೆಯಿಂದಲೇ ಫೋನಿನಲ್ಲಿ ಒಂದೊಂದು ಕೆಲಸ ನಿಲ್ಲಿಸಿ ಎಂದು ಹೇಳಿಕೊಡುತ್ತಿದ್ದೆ. ಮರುವರ್ಷ ಜೂನ್ 1ರಿಂದ ಗೂಗಲ್‌ನ ಆ ಉಚಿತ ಸೌಲಭ್ಯ ನಿಂತ ಮೇಲೆ ಬೇಡಿಕೆ ಇನ್ನೂ ಏರಿತು.

ಆ ಎರಡು ವರ್ಷ ಈ ಕಸುಬಿನವರಿಗೆ ಕಲಿಸಿದ್ದು ಕಡಿಮೆಯಲ್ಲ. ವೆಸ್ಟರ್ನ್ ಡಿಜಿಟಲ್ ಕಂಪನಿಯ ನ್ಯಾಸ್ ಡಿಸ್ಕುಗಳ ಪೈಕಿ ಕೆಲವು, ಒಂದು ಪಟ್ಟಿಯ ಅಂಚಿನ ಮೇಲೆ ಇನ್ನೊಂದು ಬರುವಂತೆ ಬರೆಯುವ ಎಸ್‌ಎಂಆರ್ ಬಗೆಯವು ಎಂದು 2020ರ ಏಪ್ರಿಲಿನಲ್ಲಿ ಬಯಲಾಯಿತು. ಅಂಥದರಲ್ಲಿ ಎಡೆಬಿಡದೆ ಬರೆಯಬೇಕಾದ ರೇಡ್ ಮರುಜೋಡಣೆ ವಿಪರೀತ ನಿಧಾನ. ಆಮೇಲೆ ಕಂಪನಿ ಯಾವ ಮಾಡೆಲ್ ಯಾವ ಬಗೆ ಎಂದು ಪಟ್ಟಿ ಕೊಟ್ಟಿತು. ಅಂದಿನಿಂದ ಡಿಸ್ಕ್ ಕೊಳ್ಳುವ ಮುಂಚೆ ಮಾಡೆಲ್ ನಂಬರಿನ ಕೊನೆಯ ಅಕ್ಷರಗಳವರೆಗೂ ಓದುತ್ತೇನೆ. 2021ರ ಏಪ್ರಿಲಿನಲ್ಲಿ ಕ್ಯೂಲಾಕರ್ ಎಂಬ ದಾಳಿ, ಇಂಟರ್‌ನೆಟ್ಟಿಗೆ ತೆರೆದಿದ್ದ ಕ್ಯೂನ್ಯಾಪ್ ಕಂಪನಿಯ ನ್ಯಾಸ್ ಡಬ್ಬಿಗಳ ಫೈಲುಗಳಿಗೆ ಪಾಸ್‌ವರ್ಡ್ ಜಡಿದು ದುಡ್ಡು ಕೇಳಿತು. ಡಬ್ಬಿ ವಿಪರೀತ ಲೋಡ್ ತೋರಿಸಿದರೆ ಒಳಗೆ ಓಡುತ್ತಿರುವುದು ಮನೆಯವರ ಕೆಲಸವೇ ಎಂದು ಮೊದಲು ನೋಡಬೇಕು ಎಂಬುದು ನಮ್ಮ ಪರೀಕ್ಷೆಗೆ ಹೊಸದಾಗಿ ಸೇರಿತು.

ಒಂದು ಮಾತನ್ನು ಪ್ರತಿ ಮನೆಯಲ್ಲೂ ಹೇಳುತ್ತೇನೆ, ಇಲ್ಲೂ ಹೇಳಬೇಕು. 1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಮೂವರು ರೇಡ್ ಬಗ್ಗೆ ಬರೆದಾಗ ಅವರ ಚಿಂತೆ, ಅಗ್ಗದ ಡಿಸ್ಕುಗಳಲ್ಲಿ ಒಂದು ಹೋದರೂ ಕೆಲಸ ನಿಲ್ಲಬಾರದು ಎಂಬುದಾಗಿತ್ತು. ಆದರೆ ಕೈತಪ್ಪಿ ಅಳಿಸಿದ ಫೋಟೋವನ್ನು ರೇಡ್ ಎರಡೂ ಡಿಸ್ಕಿನಿಂದ ಅಳಿಸುತ್ತದೆ. ಡಬ್ಬಿಯಲ್ಲಿ ಎರಡು ಡಿಸ್ಕ್ ಇದೆ ಎಂದು ಧೈರ್ಯವಾಗಿರುವವರು ದಯವಿಟ್ಟು ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ, ಸಾಧ್ಯವಾದರೆ ಬೇರೆ ಮನೆಯಲ್ಲಿ ಇಡಿ.

ಈಗ ಕೆಲಸ ಮುಗಿಸಿ ಹೊರಡುವಾಗ ಒಂದು ಹಾಳೆ ಬರೆದು ಕೊಡುತ್ತೇನೆ. ಡಬ್ಬಿಯನ್ನು ಯಾವ ಕೆಲಸಕ್ಕೆ ಇಟ್ಟಿದ್ದೇವೆ, ಯಾವ ಡಿಸ್ಕ್ ಯಾವ ತಿಂಗಳು ಕೊಂಡದ್ದು, ರಾತ್ರಿ ಎಷ್ಟು ಗಂಟೆಗೆ ಯಾರ ಬ್ಯಾಕಪ್, ಕೆಂಪು ದೀಪ ಹತ್ತಿದರೆ ಏನು ಮಾಡಬಾರದು. ಮೊದಲೆಲ್ಲ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆ, ಮಕ್ಕಳು ಓದಿ ಹೇಳುತ್ತಾರೆಂದು. ಮಕ್ಕಳು ಡಲ್ಲಾಸಿನಲ್ಲೋ ಸಿಂಗಪುರದಲ್ಲೋ ಇರುವಾಗ ದೀಪ ನೋಡುವವರು ಇಲ್ಲಿನ ಅಪ್ಪ ಅಮ್ಮಂದಿರು. ದೇವರನಾಮದ ತಾಯಿ ‘ನಂಗೆ ಅರ್ಥ ಆಗೋ ಹಾಗೆ ಬರೆದುಕೊಡಪ್ಪ’ ಎಂದ ಮೇಲೆ ಆ ಹಾಳೆಯನ್ನು ದಪ್ಪ ಅಕ್ಷರದ ಕನ್ನಡದಲ್ಲೇ ಮಾಡಿ, ಲ್ಯಾಮಿನೇಟ್ ಮಾಡಿಸಿ, ಡಬ್ಬಿಯ ಪಕ್ಕದ ಗೋಡೆಗೆ ಅಂಟಿಸಿ ಬರುತ್ತೇನೆ.