ಕಾಲಿಗೆ ಸಿಗುತ್ತಿದ್ದ ಕಾಣೆ

ಹೋಟೆಲಿನ ಹಲಗೆಯ ಮೇಲೆ ‘ಇವತ್ತು ಕಾಣೆ ಇದೆ’ ಎಂದು ಬರೆದದ್ದನ್ನು ಓದಿ, ಘಟ್ಟದ ಮೇಲಿನ ಗೆಳೆಯನೊಬ್ಬ ‘ಇದೆಯೋ ಕಾಣೆಯೋ, ಒಂದು ಹೇಳಿ’ ಎಂದು ನಕ್ಕಿದ್ದ. ಹೆಸರು ಹೇಗೆ ಬಂತೋ, ಮೀನಿಗಂತೂ ಒಪ್ಪುತ್ತದೆ. ಬಲೆ ಹತ್ತಿರ ಬಂತೆಂದರೆ ಚೂಪು ಮೂತಿಯನ್ನು ಹೊಯಿಗೆಗೆ ಚುಚ್ಚಿ, ಕಣ್ಣು ಮಿಟುಕಿಸುವುದರೊಳಗೆ ಹುಗಿದುಕೊಂಡು ಮಾಯ.

1980ರ ದಶಕದ ಮಾತು. ಶಾಂಭವಿ, ನಂದಿನಿ ಕಡಲು ಸೇರುವ ಸಸಿಹಿತ್ಲಿನ ಅಳಿವೆಗೆ ಮಾವನ ಬೆನ್ನುಹಿಡಿದು ಹೋಗುತ್ತಿದ್ದೆ. ಊರಿಗೆ ಊರೇ ಸೇರಿ ಎಳೆಯುತ್ತಿದ್ದ ದೊಡ್ಡ ರಂಪಣಿ ಬಲೆ ಅಷ್ಟರಲ್ಲೇ ಪರ್ಸೀನ್ ದೋಣಿಗಳೆದುರು ಸೋತಿತ್ತು. ಉಳಿದದ್ದು ಕೈರಂಪಣಿ. ಬಂಗುಡೆ, ಬೂತಾಯಿ ಆಳಕಡಲಿನವರ ಪಾಲಾದರೂ ಕಾಣೆ ಮಾತ್ರ ದಡದವರಿಗೇ ಉಳಿದಿತ್ತು. ಸೊಂಟದ ನೀರಿಗೆ ದೊಡ್ಡ ದೋಣಿ ಬಂದೀತು ಹೇಗೆ?

ಬಲೆಯ ಸುತ್ತು ಕಿರಿದಾದ ಮೇಲೆ ಮಾವ ಬರಿಗಾಲಲ್ಲಿ ಅದರೊಳಗೆ ಇಳಿಯುತ್ತಿದ್ದರು. ಹಿಮ್ಮಡಿ ಊರುತ್ತಿರಲಿಲ್ಲ, ಬೆರಳುಗಳಿಂದ ತಳವನ್ನು ಸವರುತ್ತ ಸಾಗುವುದು. “ತುಳಿಯಬೇಡ ಮಾರಾಯ, ಕಾಲು ಇಡು ಅಷ್ಟೇ,” ಎಂದು ನನಗೆ ಗದರಿಕೆ. ಪಾದದಡಿ ಏನೋ ಮಿಸುಕಿತೋ, ಅಲ್ಲೇ ಅದುಮಿ, ಮುಳುಗಿ, ಕೈಯಲ್ಲಿ ಗೇಣುದ್ದದ ಬೆಳ್ಳಿಯೊಡನೆ ಏಳುತ್ತಿದ್ದರು. ನನಗೆ ಮೊದಲ ದಿನ ಸಿಕ್ಕಿದ್ದು ಏಡಿ. ಸರಿಯಾಗಿ ಹೇಳುವುದಾದರೆ, ಏಡಿಗೆ ನಾನು ಸಿಕ್ಕಿದೆ. ಹೆಬ್ಬೆರಳಿನ ಕಲೆ ಈಗಲೂ ಇದೆ.

ಅತ್ತೆ ಮೀನಿನ ಹೊಟ್ಟೆ ಸೀಳುವಾಗ ಒಳಗೆ ಹೊಯಿಗೆಯ ಹುಳು, ಸಣ್ಣ ಸಿಗಡಿಯ ಚೂರು ಇರುತ್ತಿದ್ದವು. ಅಡಗಲೂ ಉಣ್ಣಲೂ ಕಾಣೆಗೆ ಅದೇ ತಳ. ಅದರ ಮರಿಗಳಿಗೆ ದಡದಲ್ಲಿ ಕೊಕ್ಕರೆ, ನೀರಲ್ಲಿ ದೊಡ್ಡ ಮೀನು ಕಾದಿರುತ್ತಿದ್ದವು.

ಆಮೇಲೆ ಹೊಯಿಗೆಗೇ ಬೆಲೆ ಬಂತು. ಮೊದಲು ಆಳುಗಳು ಮುಳುಗಿ ಬುಟ್ಟಿಯಲ್ಲಿ ಎತ್ತುತ್ತಿದ್ದರು, ಬಳಿಕ ಯಂತ್ರ. ದೂರುವ ಹಕ್ಕು ನನಗಿಲ್ಲ. ನಮ್ಮ ಮನೆಯ ತಾರಸಿಗೂ ಅದೇ ಹೊಯಿಗೆ. ಸಮತಟ್ಟಾಗಿದ್ದ ತಳದಲ್ಲಿ ಗುಂಡಿಗಳೆದ್ದವು. ಒಂದು ದಿನ ಮಾವನ ಕಾಲು ಜಾರಿ ಕತ್ತಿನವರೆಗೆ ಇಳಿಯಿತು. ಈಜು ಬಲ್ಲವರು, ಎದ್ದು ಬಂದರು. ಬಲೆಯೊಳಗೆ ಮತ್ತೆ ಇಳಿಯಲಿಲ್ಲ.

ಕಳೆದ ಜುಲೈ, ಯಾಂತ್ರಿಕ ದೋಣಿಗಳಿಗೆ ರಜೆಯ ಕಾಲ. ಮಾವನನ್ನು ಮಾರುಕಟ್ಟೆಗೆ ಕರೆದೊಯ್ದೆ. ಬುಟ್ಟಿಯ ಕಾಣೆ ಎತ್ತಿ, ಕಿವಿರಿನ ಹಿಂದಿದ್ದ ನೈಲಾನ್ ಎಳೆಯ ಗೆರೆಯನ್ನು ಉಗುರಿನಿಂದ ಸವರಿದರು.

“ಇದು ಕುತ್ತಿಗೆಗೆ ಸಿಕ್ಕಿದ್ದು,” ಎಂದವರೇ ಚೌಕಾಸಿಗೆ ನಿಂತರು.